ಗುಂಡ ನೀರು ಕುಡಿದನಾ?

ಬೇರೆಯವರ ಮನೆಯಲ್ಲಿ ಊಟ ಆಯ್ತಾ ಅಂತ ಕೇಳುತ್ತಾರೆ. ನಮ್ಮ ಮನೆಯಲ್ಲಿ ಶಿವರಾತ್ರಿ ಕಳೆದ ಮೇಲೆ ಆ ಪ್ರಶ್ನೆ ಬಂದ್. ಅಲ್ಲಿಂದ ಮುಂಗಾರು ಬರುವ ತನಕ ಎಲ್ಲರೂ ಎಲ್ಲರಿಗೂ ಕೇಳುವುದು ಒಂದೇ: ಗುಂಡ ನೀರು ಕುಡಿದನಾ? ನಾನು ಬ್ಯಾಂಕಿನಲ್ಲಿ ಕ್ಯಾಶ್ ಎಣಿಸುತ್ತಿದ್ದರೆ ಹೆಂಡತಿಯ ಫೋನ್ ಬರುತ್ತದೆ. "ರೀ, ಬೆಳಿಗ್ಗೆಯಿಂದ ಒಂದು ಹನಿ ಮುಟ್ಟಿಲ್ಲ." ಗುಂಡ ಅಂದರೆ ನನ್ನ ಮಗ ಅಂತ ಪಕ್ಕದ ಕೌಂಟರಿನವರು ಬಹಳ ದಿನ ಅಂದುಕೊಂಡಿದ್ದರು. ಒಳ್ಳೆ ಮಕ್ಕಳ ಡಾಕ್ಟರ ನಂಬರನ್ನೂ ಕೊಟ್ಟರು ಪಾಪ.

ಗುಂಡ ಒಂದು ಪಗ್. ನಾವಾಗಿ ಹುಡುಕಿ ತಂದದ್ದಲ್ಲ. ಬೆಂಗಳೂರಿನಲ್ಲಿದ್ದ ಭಾಮೈದನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು. "ಭಾವ, ಅಲ್ಲಿ ಸಿಕ್ಕಾಪಟ್ಟೆ ಸೆಕೆಯಂತೆ, ಇವನಿಗೆ ಆಗಲ್ಲ" ಅಂತ ಕಣ್ಣಲ್ಲಿ ನೀರು ತಂದುಕೊಂಡು, ನಾಯಿಯನ್ನು ಬಳ್ಳಾರಿಯಲ್ಲಿ ಬಿಟ್ಟುಹೋದ.

ಬಳ್ಳಾರಿಯಲ್ಲಿ! ಇಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ಊರಿನವರೇ ಹೇಳಿಕೊಂಡು ನಗುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಕೋಟೆ ಗುಡ್ಡದ ಬಂಡೆ ಹಗಲೆಲ್ಲಾ ಕಾದು, ರಾತ್ರಿ ಅದನ್ನು ಬಡ್ಡಿ ಸಮೇತ ಊರಿಗೆ ವಾಪಸ್ ಕೊಡುತ್ತದೆ.

ಪಗ್ ಮೂಲತಃ ಚೀನಾದ ತಳಿ. 2003ರಲ್ಲಿ ಹಚ್ ಮೊಬೈಲಿನ ಜಾಹೀರಾತಿನಲ್ಲಿ ಒಬ್ಬ ಹುಡುಗನ ಹಿಂದೆ ಓಡಾಡಿ ನಮ್ಮ ಜನರ ಮನಸ್ಸು ಕದ್ದುಬಿಟ್ಟಿತು. ನೋಡಲು ಮುದ್ದು, ಇಲ್ಲ ಅನ್ನುವುದಿಲ್ಲ. ಆದರೆ ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ. ಪಾದದಡಿ ಒಂದಿಷ್ಟು ಬೆವರು, ಅಷ್ಟೇ. ಉಳಿದಂತೆ ನಾಲಗೆ ಚಾಚಿ ತೇಕಿ, ಬಾಯಿ ಮೂಗಿನ ತೇವ ಆರಿಸಿಯೇ ಮೈ ಕಾವು ಕಳೆಯಬೇಕು. ಪಗ್‌ಗೆ ಮೂಗು ಅಂತ ಇರುವುದೇ ಅಂಗಿ ಗುಂಡಿಯಷ್ಟು. ಗಾಳಿ ಒಳಗೆ ಹೋಗುವುದೇ ಕಷ್ಟ. ನಮ್ಮ ಮುಧೋಳ ನಾಯಿಯನ್ನು ನೋಡಿ, ಉದ್ದ ಮೂತಿ, ತೆಳು ಮೈ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಅದನ್ನು ಬಿಟ್ಟು ಚಪ್ಪಟೆ ಮೂಗಿನದನ್ನು ಬಯಲುಸೀಮೆಗೆ ತರುವವರಿಗೆ ಏನು ಹೇಳುವುದು? ಭಾಮೈದ ಇದನ್ನು ಓದಿದರೆ ಓದಿಕೊಳ್ಳಲಿ.

ನಾಯಿಗೆ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50ರಿಂದ 60 ಮಿ.ಲೀ. ನೀರು ಬೇಕು, ಸೆಕೆಯಲ್ಲಿ ಇನ್ನೂ ಜಾಸ್ತಿ. ಗುಂಡ 9 ಕಿಲೋ. ಅಂದರೆ ಏನಿಲ್ಲವೆಂದರೂ ಅರ್ಧ ಲೀಟರ್. ಎಂಟನೇ ಕ್ಲಾಸಿನ ನನ್ನ ಮಗಳು ಇದಕ್ಕೊಂದು ನೋಟ್‌ಬುಕ್ ಇಟ್ಟಳು. ಬೆಳಿಗ್ಗೆ ಅಳೆದು ಸುರಿಯುವುದು, ಸಂಜೆ ಉಳಿದದ್ದನ್ನು ಅಳೆದು ಕಳೆಯುವುದು. ಮೊದಲ ವಾರದ ಲೆಕ್ಕ ನೋಡಿ ಮನೆಯವರಿಗೆಲ್ಲಾ ಖುಷಿ. ಹುಡುಗ ಚೆನ್ನಾಗಿ ಕುಡಿಯುತ್ತಿದ್ದಾನೆ! ಆಮೇಲೊಂದು ದಿನ ಗುಂಡನನ್ನು ಲಸಿಕೆಗೆ ಕರೆದುಕೊಂಡು ಹೋಗಿ ಮಧ್ಯಾಹ್ನವೆಲ್ಲಾ ಹೊರಗೇ ಇದ್ದೆವು. ಸಂಜೆ ಬಂದು ನೋಡಿದರೆ ಬಟ್ಟಲಲ್ಲಿ ಎಂದಿನಷ್ಟೇ ನೀರು ಕಡಿಮೆಯಾಗಿತ್ತು. ವಿಚಾರಿಸಿದಾಗ ಗೊತ್ತಾಯಿತು, ಒಂದು ಪಾಲು ಬಿಸಿಲು ಕುಡಿಯುತ್ತಿತ್ತು, ಒಂದು ಪಾಲು ಕಾಗೆ. ಉಳಿದದ್ದರಲ್ಲಿ ಅರ್ಧವನ್ನು ಕೆಲಸದಾಕೆ ಕನಕಾಂಬರದ ಗಿಡಕ್ಕೆ ಹಾಕುತ್ತಿದ್ದಳು. ಗಿಡ ಮಾತ್ರ ಬಹಳ ಚೆನ್ನಾಗಿ ಬಂದಿದೆ.

ಒಂದೇ ಕಡೆ ಇಟ್ಟರೆ ಕುಡಿಯುವುದಿಲ್ಲ, ಅಲ್ಲಲ್ಲಿ ಇಡಬೇಕು ಅಂತ ಹೆಂಡತಿಗೆ ಯಾರೋ ಹೇಳಿದರು. ಒಳ್ಳೆ ಸಲಹೆಯೇ. ಮೆಟ್ಟಿಲ ಕೆಳಗೆ, ತುಳಸಿಕಟ್ಟೆಯ ಹಿಂದೆ, ಹಿತ್ತಲಲ್ಲಿ, ಮಹಡಿ ಮೇಲೆ, ಹೀಗೆ ಮನೆ ತುಂಬಾ ಮಣ್ಣಿನ ಬಟ್ಟಲುಗಳು ಕೂತವು. ಗುಂಡ ಒಂದೊಂದನ್ನೂ ಮೂಸಿ ನೋಡಿ, ಕೊನೆಗೆ ನೆಲ ಒರೆಸುವ ಬಕೆಟ್ಟಿಗೆ ಬಾಯಿ ಹಾಕಿದ. ಫಿನೈಲ್ ಬೆರೆಸಿದ ನೀರು! ಆಗಿನಿಂದ ಆ ಬಕೆಟ್ಟು ಬಾತ್‌ರೂಮಿನ ಕಪಾಟಿನ ಮೇಲೆ. ಆಮೇಲೆ ಏರ್ ಕೂಲರಿನ ಟ್ಯಾಂಕ್ ಕಂಡುಹಿಡಿದ. ತಗಡಿನ ಕೂಲರ್, ಕರೆಂಟು, ನೀರು, ಅದರಲ್ಲಿ ಒದ್ದೆ ಮೂತಿಯ ನಾಯಿ. ಎಲೆಕ್ಟ್ರಿಷಿಯನ್ ಬಂದು ನೋಡಿ, "ಸಾರ್, ಇದಕ್ಕೆ ಅರ್ತಿಂಗೇ ಇಲ್ಲ" ಅಂದ. ಒಂದು ಲೆಕ್ಕದಲ್ಲಿ ನಮ್ಮೆಲ್ಲರ ಜೀವ ಉಳಿಸಿದ್ದು ಗುಂಡನೇ. ಅವ್ವ ಅದನ್ನು ಬಂದವರಿಗೆಲ್ಲಾ ಹೇಳುತ್ತಾಳೆ.

ಬಟ್ಟಲುಗಳ ಕತೆ ಮುಗಿದದ್ದು ಆಶಾ ಕಾರ್ಯಕರ್ತೆಯಿಂದ. ಡೆಂಗಿ ಲಾರ್ವಾ ನೋಡಲು ಬಂದಾಕೆ ಮೊಬೈಲ್ ಟಾರ್ಚ್ ಹಾಕಿ ಒಂದೊಂದೇ ಬಟ್ಟಲಲ್ಲಿ ಇಣುಕಿದಳು. ಮಹಡಿ ಮೇಲಿನ ಬಟ್ಟಲನ್ನು ನಾವು ಮರೆತೇಬಿಟ್ಟಿದ್ದೆವು. ಅಲ್ಲಿ ಹುಳಗಳು ಕೊಂಕುತ್ತಾ ಮೇಲೆ ಕೆಳಗೆ ಆಡುತ್ತಿದ್ದವು. ಡೆಂಗಿ ಸೊಳ್ಳೆಗೆ ಕೊಳಚೆ ಬೇಕಾಗಿಲ್ಲ. ಹೀಗೆ ನಿಂತ ತಿಳಿನೀರೇ ಇಷ್ಟ, ವಾರ ಹತ್ತು ದಿನದಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಿ ಹಾರುತ್ತದೆ. "ನಾಯಿಗೆ ನೀರಿಡ್ರಿ, ಬ್ಯಾಡ ಅನ್ನಲ್ಲ. ದಿನಾ ಚೆಲ್ಲಿ, ತಿಕ್ಕಿ ತೊಳೆದು ಇಡ್ರಿ. ಇಲ್ಲಾಂದ್ರೆ ನೀವು ಸಾಕ್ತಿರೋದು ನಾಯಿ ಅಲ್ಲ, ಸೊಳ್ಳೆ" ಅಂದಳು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಏನೋ ಬರೆದು ಹೋದಳು. ಅದು ಇನ್ನೂ ಅಳಿಸಿಲ್ಲ.

ಕುಡಿಯುವುದು ಒಂದು ಕಡೆಯಾದರೆ ವಾಕಿಂಗ್ ಇನ್ನೊಂದು. ಟಾರು ರಸ್ತೆ ಗಾಳಿಗಿಂತ ಎಷ್ಟೋ ಪಾಲು ಜಾಸ್ತಿ ಕಾಯುತ್ತದೆ, ಸೂರ್ಯ ಇಳಿದ ಮೇಲೂ ಬಿಸಿ ಹಿಡಿದಿಟ್ಟುಕೊಂಡಿರುತ್ತದೆ. ನಾವು ಚಪ್ಪಲಿ ಹಾಕಿದ್ದೇವೆ, ನಮಗೆ ಗೊತ್ತಾಗುವುದಿಲ್ಲ. ಅದಕ್ಕೊಂದು ಪರೀಕ್ಷೆ ಇದೆ. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಎಣಿಸಬೇಕು. ಅಷ್ಟು ಹೊತ್ತು ತಡೆಯಲಾಗದಿದ್ದರೆ ನಾಯಿಯನ್ನೂ ನಡೆಸಬಾರದು. ಸಂಜೆ ಆರರ ಹೊತ್ತಿಗೆ ನಾನು ನಮ್ಮ ಬೀದಿಯ ತಿರುವಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಕೈ ಒತ್ತಿ, ಒಂದು, ಎರಡು ಅಂತ ಶುರು ಮಾಡಿದೆ.

ನಾಲ್ಕು ಅನ್ನುವಷ್ಟರಲ್ಲಿ ಒಂದು ಸ್ಕೂಟರ್ ನಿಂತಿತು. "ಏನು ಬಿತ್ತು ಸಾರ್?"

ಏನೂ ಇಲ್ಲ ಅಂದೆ. ಹಾಗಂದರೆ ಯಾರು ನಂಬುತ್ತಾರೆ? ಸ್ಕೂಟರಿನವನು ಸ್ಟ್ಯಾಂಡ್ ಹಾಕಿ ಬಗ್ಗಿ ಹುಡುಕತೊಡಗಿದ. ತಳ್ಳುಗಾಡಿಯ ಕಲ್ಲಂಗಡಿಯವನು ಬಂದ. "ಉಂಗುರಾ?" ಅಂತ ಅವನೇ ಕೇಳಿ, "ಉಂಗುರನೇ" ಅಂತ ಅವನೇ ಪಕ್ಕದವನಿಗೆ ಹೇಳಿದ. ಟ್ಯೂಷನ್ನಿಗೆ ಹೊರಟ ಹುಡುಗರು ಸೈಕಲ್ ಮಲಗಿಸಿ ಚರಂಡಿಗೆ ಕಡ್ಡಿ ಹಾಕಿದರು. "ಎಷ್ಟು ಗ್ರಾಂ?" ಅಂತ ಒಬ್ಬ ಹಿರಿಯರು ಕೇಳಿದರು. ನಾನು ನಾಯಿಯ ಪಾದದ ವಿಷಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಎರಡನೇ ಮಹಡಿಯಿಂದ ಒಬ್ಬಾಕೆ "ಅಲ್ಲೇ, ಆ ಕಲ್ಲಿನ ಹತ್ರ ಥಳಕ್ ಅಂದಿದ್ದನ್ನ ನಾನೇ ನೋಡಿದೆ" ಅಂತ ಸಾಕ್ಷಿ ಹೇಳಿದಳು. ಗುಂಡ ಕಲ್ಲಂಗಡಿ ಗಾಡಿಯ ನೆರಳಲ್ಲಿ ಹೊಟ್ಟೆ ಚಪ್ಪಟೆ ಮಾಡಿಕೊಂಡು ಮಲಗಿದ್ದ. ಗಾಡಿಯವನು ಬೀಜ ತೆಗೆದ ಒಂದು ಹೋಳು ಕೊಟ್ಟ. ತಿಂದ. ಇನ್ನೊಂದು ಕೊಟ್ಟ. ಅದನ್ನೂ ತಿಂದ. ಕಲ್ಲಂಗಡಿಯಲ್ಲಿ ಇರುವುದು ಬಹುಪಾಲು ನೀರೇ ಅಲ್ವಾ? ಮಗಳ ನೋಟ್‌ಬುಕ್ಕಿಗೆ ಅದನ್ನು ಹೇಗೆ ಬರೆಯುವುದು ಅಂತ ರಾತ್ರಿ ದೊಡ್ಡ ಚರ್ಚೆಯಾಯಿತು. ಉಂಗುರ ಸಿಕ್ಕಿತಾ ಅಂತ ಆ ಬೀದಿಯವರು ಈಗಲೂ ಕೇಳುತ್ತಾರೆ. ಇಲ್ಲ ಅನ್ನುತ್ತೇನೆ. ಸುಮ್ನೆ ಯಾಕೆ.

ಈಗ ಬೆಳಗಿನ ಆರೂವರೆ ಒಳಗೆ ವಾಕಿಂಗ್ ಮುಗಿಸುತ್ತೇವೆ.

ಸೀರೆ ಅಂಗಡಿಯ ವಿಷಯ ಚುಟುಕಾಗಿ ಹೇಳುತ್ತೇನೆ. ಬಿಸಿಲಲ್ಲಿ ನಿಂತ ಕಾರು ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ, ಕಿಟಕಿ ಒಂಚೂರು ಇಳಿಸಿದರೂ ಅಷ್ಟೇ. "ಎರಡೇ ನಿಮಿಷ, ಫಾಲ್ ಹಚ್ಚೋಕೆ ಕೊಟ್ಟಿದ್ದು ತಗೊಂಡು ಬರ್ತೀನಿ" ಅಂತ ಹೆಂಡತಿ ಹೋದಳು. ಸೀರೆ ಅಂಗಡಿಯ ಎರಡು ನಿಮಿಷವನ್ನು ನಂಬಿ ನಾಯಿಯನ್ನು ಕಾರಿನಲ್ಲಿ ಬಿಡಲು ನಾನೇನು ಹೊಸದಾಗಿ ಮದುವೆಯಾದವನಲ್ಲ. ಗುಂಡನನ್ನು ಎತ್ತಿಕೊಂಡು ಅಂಗಡಿಯೊಳಗೇ ಹೋದೆ. ಅವನು ಏಸಿಯ ಕೆಳಗೆ ಟೈಲ್ಸ್ ಮೇಲೆ ನಾಲ್ಕೂ ಕಾಲು ಚಾಚಿದ. ಹೊರಡಿಸಲು ಹೋದರೆ ಏಳಲೇ ಇಲ್ಲ. ಅವನು ಏಳುವಷ್ಟರಲ್ಲಿ ಹೆಂಡತಿ ಇನ್ನೆರಡು ಸೀರೆ ನೋಡಿಬಿಟ್ಟಿದ್ದಳು.

ಅವ್ವನ ಉಪಚಾರಗಳೇ ಬೇರೆ. ಉಷ್ಣ ಅಂದರೆ ಅವಳಿಗೆ ಗೊತ್ತಿರುವ ಮದ್ದು ರಾತ್ರಿ ನೆನೆಸಿಟ್ಟ ಒಣದ್ರಾಕ್ಷಿ. ವಿಜಯಪುರದ ನೆಂಟರು ಡಬ್ಬಿಗಟ್ಟಲೆ ಕಳಿಸುತ್ತಾರೆ. ಒಂದು ಬೆಳಿಗ್ಗೆ ಆ ನೀರನ್ನು ದ್ರಾಕ್ಷಿ ಸಮೇತ ಗುಂಡನ ಮುಂದೆ ಇಟ್ಟಿದ್ದಳು. ಮಗಳು ಓಡಿಬಂದು ಬಟ್ಟಲು ಕಸಿದುಕೊಂಡಳು. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿಗೆ ವಿಷ. ಅವ್ವನಿಗೆ ಬೇಜಾರಾಯಿತು. "ನಿಮ್ಮಪ್ಪಗ ಇದನ್ನೇ ಕುಡಿಸಿ ಬೆಳೆಸೀನಿ, ಏನಾಗೈತಿ?" ಅಂದಳು. ಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕೊನೆಗೆ ಬಟ್ಟಲ ನೀರಿಗೆ ಉಪ್ಪು, ಒಗ್ಗರಣೆ ಇಲ್ಲದ ಎರಡು ಚಮಚ ಮಜ್ಜಿಗೆ ಬೆರೆಸುವುದು ಅಂತ ರಾಜಿಯಾಯಿತು. ಅವತ್ತು ಗುಂಡ ಬಟ್ಟಲನ್ನು ನೆಕ್ಕಿ ನೆಕ್ಕಿ ಗೋಡೆಯ ತನಕ ತಳ್ಳಿಕೊಂಡು ಹೋದ.

ಹಾಗಂತ ಎಲ್ಲಾ ನಗೆಯಲ್ಲೇ ಮುಗಿಯಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಹೋದದ್ದು ಬರಲಿಲ್ಲ. ಗುಂಡ ತೇಕುವುದು ಜಾಸ್ತಿಯಾಯಿತು, ಜೊಲ್ಲು ಅಂಟು ಅಂಟಾಗಿ ಇಳಿಯುತ್ತಿತ್ತು, ಒಸಡು ಕೆಂಪಗಾಗಿತ್ತು. ಇದು ಬಿಸಿಲೇಟಿನ ಸೂಚನೆ. ಐಸ್ ನೀರು ಬೇಡ, ಮಾಮೂಲಿ ತಣ್ಣೀರನ್ನು ಹೊಟ್ಟೆ, ತೊಡೆಸಂದು, ಪಾದಕ್ಕೆ ಹಾಕಿದೆವು. ಅವ್ವ ಒದ್ದೆ ಟವೆಲ್ ಹೊದಿಸಿದಳು. ಮೈಮೇಲೆ ಹಾಗೇ ಬಿಟ್ಟರೆ ಅದೇ ಕಾವು ಹಿಡಿದಿಡುತ್ತದೆ ಅಂತ ಮಗಳು ತೆಗೆದಳು. ಫ್ಯಾನ್ ಇಲ್ಲ. ಒಬ್ಬರು ಮೊರ, ಒಬ್ಬರು ಪರೀಕ್ಷೆಯ ಪ್ಯಾಡ್, ಒಬ್ಬರು ಮದುವೆ ಕಾರ್ಡು ಹಿಡಿದು ಬೀಸುತ್ತಲೇ ಏಸಿ ಹಾಕಿದ ಕಾರಿನಲ್ಲಿ ಡಾಕ್ಟರ ಹತ್ತಿರ ಓಡಿದೆವು.

ಡಾಕ್ಟರು ಪರೀಕ್ಷೆ ಮಾಡಿ "102" ಅಂದರು. ಅವ್ವ ಎದೆ ಹಿಡಿದುಕೊಂಡಳು. "ಅಯ್ಯೋ, ನೂರಾ ಎರಡು ಜ್ವರ!"

"ಜ್ವರ ಅಲ್ಲ ಅಜ್ಜಿ. ನಾಯಿಗೆ 101ರಿಂದ 102.5 ಮಾಮೂಲು. 104 ದಾಟಿದ್ರೆ ಗಾಬರಿ ಆಗಬೇಕು. ದಾರೀಲೇ ಇಳಿದಿದೆ, ಒಳ್ಳೆ ಕೆಲಸ ಮಾಡೀರಿ. ಮನೇಲಿ ನೋಡಿದ್ರಾ?"

"ನೋಡಿದ್ದೆ, 103.8 ಇತ್ತು" ಅಂದಳು ಮಗಳು. "ಹೋದ ವಾರದಿಂದ ದಿನಾ ನೋಡಿ ಬರೆದಿಟ್ಟಿದ್ದೀನಿ." ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. ಜೊತೆಗೆ ಥರ್ಮಾಮೀಟರೂ ಬಂತು.

ಅವ್ವ ಅದನ್ನು ಗುರುತು ಹಿಡಿದಳು. ಹೋದ ವಾರ ಅವಳಿಗೂ ಜ್ವರ ಬಂದಿತ್ತು.

"ಡಾಕ್ಟ್ರೇ, ನಾಯಿಗೆ ಇದನ್ನ ಎಲ್ಲಿ ಇಡ್ತಾರ? ಬಾಯಾಗೇನು?"

ಡಾಕ್ಟರು ನಮ್ಮ ಮುಖ ನೋಡಿದರು. ನಾವು ಗೋಡೆಯ ಮೇಲಿನ ಲಸಿಕೆ ಪಟ್ಟಿ ನೋಡಿದೆವು. ಅವರು ಗುಂಡನ ಬಾಲದ ಕಡೆ ಪೆನ್ನು ತೋರಿಸಿದರು.

"ನಾನು ತೊಳೆದಿದ್ದೆ ಅಜ್ಜಿ!" ಅಂದಳು ಮಗಳು. "ಸೋಪು ಹಾಕಿ ತೊಳೆದಿದ್ದೆ!"

"ಯಾವಾಗ? ನನ್ನ ಬಾಯಾಗ ಇಡೋಕ್ಕಿಂತ ಮುಂಚೆನೋ, ಆಮೇಲೋ?"

ಮಗಳು ನೋಟ್‌ಬುಕ್ ತೆರೆದು ತಾರೀಖು ಹುಡುಕತೊಡಗಿದಳು.