ಕತ್ತಲೆ ಬೇಕಂದ್ರೆ ಮೊದಲು ಲೈಟ್ ಹಾಕಿ

ಮೊಬೈಲಲ್ಲಿ ಹಾರರ್ ಕಿರುಚಿತ್ರ ತೆಗೆಯೋದು ಹೇಗೆ ಅನ್ನೋ ಲೇಖನವೊಂದರಲ್ಲಿ ‘ದೀಪ ಆರಿಸಿ, ಐಎಸ್‌ಒ ಏರಿಸಿ’ ಅಂತ ಸಲಹೆ ಇದೆ (ಐಎಸ್‌ಒ ಅಂದ್ರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಳತೆ). ವಿದ್ಯಾರ್ಥಿಗಳು ಎಡವೋದೇ ಇಲ್ಲಿ. ಮೊಬೈಲಿನ ಸಣ್ಣ ಸೆನ್ಸರ್‌ನಲ್ಲಿ ಐಎಸ್‌ಒ 3200 ಅಂದ್ರೆ ಕಪ್ಪಿನ ತುಂಬ ಕಾಳುಕಾಳು. ಎಡಿಟಿಂಗಲ್ಲಿ ಅದನ್ನ ಒರೆಸೋಕೆ ಹೋದರೆ ಮುಖ ಮೇಣದ ಗೊಂಬೆ. ಒಂದು ಎಲ್‌ಇಡಿ ಲೈಟನ್ನ ನಟನ ಹಿಂದೆ, ಸ್ವಲ್ಪ ಪಕ್ಕಕ್ಕಿಟ್ಟು ಐಎಸ್‌ಒ 400–800ರಲ್ಲಿ ತೆಗೀರಿ, ಕತ್ತಲೆಯನ್ನ ಗ್ರೇಡಿಂಗಲ್ಲಿ, ಅಂದ್ರೆ ಎಡಿಟಿಂಗಲ್ಲಿ ಬಣ್ಣ, ಬೆಳಕು ಹೊಂದಿಸೋವಾಗ ತನ್ನಿ. ಎಕ್ಸ್‌ಪೋಷರ್ (ಚಿತ್ರದ ಬೆಳಕಿನ ಮಟ್ಟ) ಲಾಕ್ ಮಾಡದಿದ್ದರೆ ನಟ ಕತ್ತಲೆ ಕೋಣೆಗೆ ಕಾಲಿಟ್ಟ ಕೂಡಲೇ ಚಿತ್ರ ತಾನಾಗೇ ಬೆಳ್ಳಗಾಗಿ ದೆವ್ವದ ಮೇಕಪ್ಪೆಲ್ಲ ಬಯಲು!

ನಮ್ಮ ಕರೆಂಟು 50 ಹರ್ಟ್ಜ್, ಹಳೇ ಟ್ಯೂಬ್‌ಲೈಟು ಅದರ ಲಯಕ್ಕೇ ಮಿನುಗುತ್ತೆ. ಹಾಗಾಗಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. 1/60 ಇಟ್ಟರೆ ಹಳೇ ಟ್ಯೂಬ್‌ಲೈಟ್ ಕೆಳಗೆ ಚಿತ್ರದಲ್ಲಿ ಪಟ್ಟಿಗಳು ಓಡುತ್ತವೆ.

ನನ್ನ ಪ್ರಕಾರ ಭಯದ ಅರ್ಧ ಪಾಲು ಸದ್ದಿನದು, ಲೇಖನದಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಸಾಲು. ಪ್ರತಿ ಲೊಕೇಶನ್ನಲ್ಲೂ ಫ್ಯಾನು, ಫ್ರಿಜ್ಜು ಆಫ್ ಮಾಡಿ, ಎಲ್ಲರೂ ಉಸಿರು ಬಿಗಿಹಿಡಿದು 30 ಸೆಕೆಂಡ್ ಖಾಲಿ ಕೋಣೆಯ ಸದ್ದು ರೆಕಾರ್ಡ್ ಮಾಡಿ. ಸಂಭಾಷಣೆಯ ಕೆಳಗೆ ಅದನ್ನ ಹಾಸದಿದ್ದರೆ ಪ್ರತಿ ಕಟ್ಟಿಗೂ ಹಿನ್ನೆಲೆ ಕಡಿದು ಕಿವಿಗೆ ಹೊಡೆಯುತ್ತೆ. ಬೆಚ್ಚಿಬೀಳಿಸೋ ಶಾಟ್‌ಗೆ 2–3 ಸೆಕೆಂಡ್ ಮುಂಚೆ ಸಂಗೀತ ನಿಲ್ಲಿಸಿ, ಆ ಕೋಣೆಯ ಸದ್ದಷ್ಟೇ ಬಿಡಿ. ಹೊಡೆತದ ಸದ್ದು ದೆವ್ವ ಕಾಣೋ ಫ್ರೇಮಿಗೇ ಸರಿಯಾಗಿ ಬೀಳಬೇಕು. ನಾಲ್ಕೈದು ಫ್ರೇಮ್ ತಡವಾದರೂ ಮಜಾ ಹೋಯ್ತು. ಎಡಿಟಿಂಗ್ ಮೀಟರಲ್ಲಿ ಸದ್ದಿನ ಮಟ್ಟ 0 ಡೆಸಿಬಲ್ ದಾಟಿದರೆ ಕರಕರ ಅನ್ನುತ್ತೆ, ಮೈನಸ್ 3ರೊಳಗೆ ಇಡಿ.

ಮೊಬೈಲ್ ಫೈಲುಗಳ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು) ಸಾಮಾನ್ಯವಾಗಿ ಸ್ಥಿರವಾಗಿರಲ್ಲ. ಉದ್ದದ ಶಾಟ್‌ಗಳಲ್ಲಿ ತುಟಿಗೂ ಮಾತಿಗೂ ತಾಳ ತಪ್ಪುತ್ತೆ. ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೊ ಪರಿವರ್ತಿಸೋ ಸಾಫ್ಟ್‌ವೇರ್‌ನಲ್ಲಿ ಸ್ಥಿರ 25ಕ್ಕೆ ಬದಲಾಯಿಸಿಯೇ ಎಡಿಟಿಂಗ್ ಟೈಮ್‌ಲೈನಿಗೆ ಹಾಕಿ.