ಹೆಣಕ್ಕೆ ಮಣ್ಣು ಬೇಡ ಎಂದ ದೊರೆ: ಕ್ರಿಯಾನ್ ಮಾಡಿದ್ದು ಸರಿಯೇ?

ಪರ

ಲಂಕೇಶರ ಅನುವಾದದಿಂದ ಕನ್ನಡದವರಿಗೂ ಪರಿಚಯವಾದ, ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ‘ಅಂತಿಗೊನೆ’ ನಾಟಕದ ಮಾತು ಬಂದರೆ ಎಲ್ಲರೂ ಅಂತಿಗೊನೆ ಎಂಬ ಆ ಹುಡುಗಿಯ ಕಡೆ. ಅಣ್ಣನ ಹೆಣಕ್ಕೆ ಮಣ್ಣು ಹಾಕಿದ್ದಕ್ಕೆ ಅವಳಿಗೆ ಸಾವಿನ ಶಿಕ್ಷೆ ಕೊಟ್ಟ ಕ್ರಿಯಾನ್ ಖಳ ಅಂದುಬಿಟ್ಟರೆ ಮುಗಿಯಿತು. ಆದರೆ ಅವನು ಪಟ್ಟಕ್ಕೆ ಬಂದ ದಿನ ಅವನ ಊರು ಥೀಬ್ಸ್ ಹೇಗಿತ್ತು ಅಂತ ನೋಡಬೇಕಲ್ವಾ?

ಥೀಬ್ಸಿನ ಹಿಂದಿನ ದೊರೆ ಈಡಿಪಸ್‌ನ ಗಂಡುಮಕ್ಕಳು, ಅಂದರೆ ಅಂತಿಗೊನೆಯ ಸೋದರರಿಬ್ಬರೂ, ಪರಸ್ಪರ ಕಾದಾಡಿ ಸತ್ತಿದ್ದಾರೆ. ಎಟಿಯೊಕ್ಲಿಸ್ ಊರು ಕಾಯುತ್ತಾ ಸತ್ತ. ಪಾಲಿನೈಸಿಸ್ ಆರ್ಗೋಸ್‌ನ ಸೈನ್ಯ ಕರೆತಂದು, ಹುಟ್ಟಿದೂರಿನ ಏಳು ಬಾಗಿಲಿಗೂ ಮುತ್ತಿಗೆ ಹಾಕಿಸಿ ಸತ್ತ. ಶತ್ರುಗಳು ಓಡಿದ್ದು ಹಿಂದಿನ ರಾತ್ರಿಯಷ್ಟೇ. ಸಿಂಹಾಸನ ಈಗ ಸೋದರಮಾವ ಕ್ರಿಯಾನ್‌ನ ಪಾಲಿಗೆ ಬಂದಿದೆ. ಎಟಿಯೊಕ್ಲಿಸ್‌ಗೆ ಮರ್ಯಾದೆಯ ಮಣ್ಣು, ಪಾಲಿನೈಸಿಸ್‌ನ ಹೆಣಕ್ಕೆ ಯಾರೂ ಮಣ್ಣು ಹಾಕಬಾರದು ಅಂತ ಅವನು ಆಜ್ಞೆ ಹೊರಡಿಸಿದ. ಇಬ್ಬರು ಅಳಿಯಂದಿರಿಗೂ ಒಂದೇ ಮರ್ಯಾದೆ ಕೊಟ್ಟರೆ, ಬಾಗಿಲು ಕಾದು ಸತ್ತವರ ಮನೆಯವರಿಗೆ ಅವನು ಏನು ಹೇಳಬೇಕು? ಅವನ ಮಗ ಮೆಗರಿಯಸ್ ಕೂಡ ಊರಿಗಾಗಿ ಸತ್ತವನೇ.

ಇನ್ನೊಂದು ವಿಷಯ. ಪಾಲಿನೈಸಿಸ್ ಅವನ ಸ್ವಂತ ಅಕ್ಕತಂಗಿಯ ಮಗ. ಅಂತಿಗೊನೆ ಅವನ ಮಗ ಹೈಮನ್‌ಗೆ ಮದುವೆಗೆ ಗೊತ್ತಾಗಿರುವ ಹುಡುಗಿ. ನಮ್ಮವರು ಅಂತ ಕಣ್ಣು ಮುಚ್ಚಿಕೊಳ್ಳುವುದು ಅವನಿಗೆ ತುಂಬ ಸುಲಭವಿತ್ತು. ಮುಚ್ಚಿಕೊಳ್ಳಲಿಲ್ಲ. ನಾಡಿಗಿಂತ ನಂಟರು ದೊಡ್ಡವರು ಎನ್ನುವವನಿಗೆ ನಾನು ಕವಡೆ ಬೆಲೆ ಕೊಡುವುದಿಲ್ಲ ಎಂಬರ್ಥದ ಮಾತನ್ನು ಅವನು ರಂಗಕ್ಕೆ ಬಂದ ಕೂಡಲೇ ಆಡುತ್ತಾನೆ.

ಆ ಮಾತು ಖಳನ ಮಾತಾಗಿ ಅಥೆನ್ಸಿನವರಿಗೆ ಕೇಳಿಸಲಿಲ್ಲ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ಇದೆ. ಅಥೆನ್ಸಿನಲ್ಲಿ ನಾಟಕ ಆಡಿದ್ದು ಕ್ರಿ.ಪೂ. 441ರ ಸುಮಾರಿಗೆ. ಸುಮಾರು ನೂರು ವರ್ಷ ಕಳೆದು, ಕ್ರಿ.ಪೂ. 343ರಲ್ಲಿ ಅಥೆನ್ಸಿನ ವಾಗ್ಮಿ ಡೆಮಾಸ್ತನೀಸ್ ತನ್ನ ರಾಜಕೀಯ ಎದುರಾಳಿ ಈಸ್ಕಿನೀಸ್ ಮೇಲೆ ಮೊಕದ್ದಮೆ ನಡೆಸಿದ. ಈಸ್ಕಿನೀಸ್ ಹಿಂದೆ ನಟನಾಗಿದ್ದವನು, ಕ್ರಿಯಾನ್ ಪಾತ್ರ ಮಾಡಿದವನು. ಡೆಮಾಸ್ತನೀಸ್ ಕ್ರಿಯಾನ್‌ನ ಆ ಸಾಲುಗಳನ್ನೇ ನ್ಯಾಯಾಲಯದಲ್ಲಿ ಓದಿಸಿದ. ಇಷ್ಟು ಒಳ್ಳೆಯ ಮಾತನ್ನು ಬಾಯಿಪಾಠ ಮಾಡಿದವನು ಊರಿಗೆ ಹೀಗಾ ನಡೆದುಕೊಳ್ಳುವುದು ಅಂತ ಹಂಗಿಸಿದ.

ದ್ರೋಹಿಯನ್ನು ಹೂಳಬಾರದು ಎನ್ನುವುದೂ ಕ್ರಿಯಾನ್‌ನ ಹುಚ್ಚಲ್ಲ. ಅಥೆನ್ಸಿನ ಕಾನೂನೂ ದ್ರೋಹಿಗೆ ತನ್ನ ಸುತ್ತಲಿನ ಅಟಿಕ ಪ್ರಾಂತ್ಯದ ನೆಲದಲ್ಲಿ ಜಾಗ ಕೊಡುತ್ತಿರಲಿಲ್ಲ. ಪರ್ಷಿಯನ್ನರ ಹಡಗುಪಡೆಯನ್ನು ಸೋಲಿಸಿದ ಥೆಮಿಸ್ಟೊಕ್ಲಿಸ್‌ಗೇ ಆ ಗತಿ ಬಂತು. ಅವನ ಎಲುಬುಗಳನ್ನು ಬಂಧುಗಳು ಕದ್ದು ತಂದು ಹೂತರು ಎಂಬ ಸುದ್ದಿಯನ್ನು ಇತಿಹಾಸಕಾರ ಥ್ಯುಸಿಡಿಡೀಸ್ ಬರೆದಿದ್ದಾನೆ.

ಮತ್ತೆ ಕ್ರಿಯಾನ್ ಬದಲಾದ. ಕಾಲಜ್ಞಾನಿ ಟೈರೇಸಿಯಸ್ ಎಚ್ಚರಿಸಿದ ಮೇಲೆ ಊರಿನ ಹಿರಿಯರನ್ನು ಕೇಳಿದ, ಅದೇ ದಿನ ಆಜ್ಞೆ ಹಿಂದಕ್ಕೆ ತೆಗೆದುಕೊಂಡ. ಕೊನೆಗೆ ವಿಧಿಯ ಮೇಲೆ ಪೂರ್ತಿ ಹೊರೆ ಹಾಕದೆ, ತಪ್ಪು ನನ್ನದೇ ಅಂದ. ಅಧಿಕಾರದಲ್ಲಿದ್ದವರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇವೆ?

ವಿರೋಧ

ಅಥೆನ್ಸಿನ ಕಾನೂನಿನಿಂದಲೇ ಶುರು ಮಾಡೋಣ. ಆ ಕಾನೂನು ಹೇಳಿದ್ದು ನಮ್ಮ ನೆಲದಲ್ಲಿ ಹೂಳಬೇಡಿ ಅಂತ. ಗಡಿಯಾಚೆ ಹೂಳಲು ಅಡ್ಡಿ ಇರಲಿಲ್ಲ. ಕ್ರಿಯಾನ್ ಹೆಣವನ್ನು ಬಯಲಲ್ಲೇ ಬಿಟ್ಟು, ನಾಯಿ ಹದ್ದು ತಿನ್ನಲಿ ಅಂತ ಕಾವಲು ಹಾಕಿದ. ಅದೇ ಮಾಂಸದ ಚೂರು ಊರಿನ ಬಲಿಪೀಠಗಳ ಮೇಲೆ ಬಿದ್ದು ಮೈಲಿಗೆಯಾಯಿತು ಎನ್ನುತ್ತಾನೆ ಟೈರೇಸಿಯಸ್. ಊರಿನ ಹಿತಕ್ಕೆ ಮಾಡಿದ ಆಜ್ಞೆ ಊರಿಗೇ ಕೇಡಾಯಿತು.

ಮೊದಲ ಭಾಷಣ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅಧಿಕಾರ ಕೊಟ್ಟು ನೋಡಿದರೇ ಮನುಷ್ಯ ಗೊತ್ತಾಗುವುದು ಅಂತ ಅದೇ ಭಾಷಣದಲ್ಲಿ ಅವನೇ ಹೇಳಿದ್ದಾನೆ. ಹಾಗೇ ನೋಡೋಣ. ಹೆಣಕ್ಕೆ ಯಾರೋ ಮಣ್ಣು ಹಾಕಿದ್ದಾರೆ ಅಂತ ಸುದ್ದಿ ಬಂದಾಗ, ಇದು ದೇವರ ಕೆಲಸ ಇರಬಹುದೇನೋ ಅಂದ ಹಿರಿಯರ ಮೇಲೆ ರೇಗಿದ. ಸುದ್ದಿ ತಂದ ಕಾವಲುಗಾರ ಲಂಚ ತಿಂದಿದ್ದಾನೆ ಅಂದ. ಟೈರೇಸಿಯಸ್‌ಗೂ ದುಡ್ಡಿನ ಆಸೆ ಅಂದ. ಏನೂ ಮಾಡದ, ಅಂತಿಗೊನೆಯ ಸೋದರಿ ಇಸ್ಮೆನೆಗೂ ಸಾವು ಅಂದ, ಹಿರಿಯರು ಇಬ್ಬರನ್ನೂ ಕೊಲ್ಲುತ್ತೀಯಾ ಅಂತ ಕೇಳಿದ ಮೇಲೆ ಬಿಟ್ಟ. ಯಾರು ಬೇರೆ ಮಾತಾಡಿದರೂ ಅವರ ಹಿಂದೆ ಹಣ ಇಲ್ಲವೇ ಪಿತೂರಿ!

ಎಲ್ಲಕ್ಕಿಂತ ಮುಖ್ಯ ಹೈಮನ್ ಬರುವ ದೃಶ್ಯ. ಮಗ ಜಗಳಕ್ಕೆ ಬಂದವನಲ್ಲ. ತುಂಬ ವಿನಯದಿಂದ, ನಿನ್ನೆದುರು ಬಾಯಿ ಬಿಡದ ಜನ ಕತ್ತಲಲ್ಲಿ ಆ ಹುಡುಗಿಗಾಗಿ ಮರುಗುತ್ತಿದ್ದಾರೆ ಅಂತ ತಿಳಿಸುತ್ತಾನೆ. ಹೇಗೆ ಆಳಬೇಕು ಅಂತ ಊರು ನನಗೆ ಹೇಳಿಕೊಡಬೇಕಾ ಅಂತ ಅಪ್ಪ ಕೇಳುತ್ತಾನೆ. ಊರು ಆಳುವವನದ್ದಲ್ಲವೇ ಅಂತಲೂ ಕೇಳುತ್ತಾನೆ. ಬೆಳಿಗ್ಗೆ ನಾಡೇ ದೊಡ್ಡದು ಅಂದವನು ಇವನೇನಾ? ಜನರಿಲ್ಲದ ಮರುಭೂಮಿಯನ್ನಾದರೆ ನೀನು ಚೆನ್ನಾಗಿ ಆಳುತ್ತೀಯ ಅನ್ನುತ್ತಾನೆ ಹೈಮನ್.

ಈ ದೃಶ್ಯದ ಕೊನೆಯಲ್ಲಿ ಶಿಕ್ಷೆಯೇ ಬದಲಾಗುತ್ತದೆ. ಮೊದಲು ಸಾರಿಸಿದ್ದು ಊರಿನೊಳಗೆ ಕಲ್ಲು ಹೊಡೆದು ಕೊಲ್ಲುವುದನ್ನು. ಈಗ ಒಂದಿಷ್ಟು ಅನ್ನ ಇಟ್ಟು ಗುಹೆಯಲ್ಲಿ ಮುಚ್ಚುವುದು. ಊರಿಗೆ ಮೈಲಿಗೆ ತಟ್ಟಬಾರದು ಅಂತ ಅವನು ಕಾರಣ ಕೊಡುತ್ತಾನೆ. ನನಗನ್ನಿಸುವುದು ಬೇರೆ. ಕಲ್ಲು ಎತ್ತಲು ಜನ ಬೇಕು, ಜನ ಎತ್ತುವುದಿಲ್ಲ ಅಂತ ಅವನಿಗೆ ಈಗ ತಿಳಿದಿದೆ.

ಪಶ್ಚಾತ್ತಾಪವೂ ಅಷ್ಟು ದೊಡ್ಡದಲ್ಲ. ನಿನ್ನ ರಕ್ತದ ಒಂದು ಹೆಣ ಬೀಳುತ್ತದೆ ಅಂತ ಟೈರೇಸಿಯಸ್ ಹೇಳಿದ ಮೇಲೆ ಅವನು ಬಗ್ಗಿದ್ದು. ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಗೋರಿ ಕಟ್ಟು ಅಂತ ಹಿರಿಯರು ಹೇಳಿದರು. ಅವನು ಮೊದಲು ಹೆಣದ ಹತ್ತಿರ ಹೋದ. ತೊಳೆಸಿ, ಸುಟ್ಟು, ಮಣ್ಣಿನ ದಿಬ್ಬ ಎತ್ತಿಸಿ ಗುಹೆಗೆ ಬರುವಷ್ಟರಲ್ಲಿ ಅಂತಿಗೊನೆ ನೇಣು ಹಾಕಿಕೊಂಡಿದ್ದಳು. ಹೈಮನ್ ಅಪ್ಪನ ಮೇಲೆ ಕತ್ತಿ ಬೀಸಿ, ಗುರಿ ತಪ್ಪಿ, ತನ್ನನ್ನೇ ಇರಿದುಕೊಂಡ.

ಇನ್ನು ಊರಿಗಾಗಿ ಮಗನನ್ನು ಕೊಟ್ಟ ಅಪ್ಪ ಅನ್ನುವ ವಾದ. ಅದನ್ನು ಅವನ ಹೆಂಡತಿ ಯೂರಿಡಿಸಿಯೇ ಒಪ್ಪಲಿಲ್ಲ. ಬಲಿಪೀಠದ ಬಳಿ ಇರಿದುಕೊಂಡು ಸಾಯುವಾಗ ಅವಳು ಮೊದಲು ಅತ್ತಿದ್ದು ಮೆಗರಿಯಸ್‌ಗಾಗಿ, ಆಮೇಲೆ ಹೈಮನ್‌ಗಾಗಿ. ನಂತರ ಗಂಡನನ್ನು ಮಕ್ಕಳ ಕೊಲೆಗಾರ ಅಂತ ಕರೆದು ಶಪಿಸಿದಳು.