ಪೋಲಿಷ್ ಜಪಾನೀಸ್‌ಗಿಂತ ಕಷ್ಟವೇ? ಒಂದು ಸ್ಪಷ್ಟನೆ

‘ಜಗತ್ತಿನಲ್ಲೇ ಅತಿ ಕಷ್ಟದ ಭಾಷೆ ಪೋಲಿಷ್, ಅದರ ಮುಂದೆ ಜಪಾನೀಸ್ ಸುಲಭ’ ಎಂಬ ಸಂದೇಶ ಓಡಾಡುತ್ತಿದೆ. ಇದು ಎಲ್ಲರಿಗೂ ನಿಜವಲ್ಲ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಸಿಬ್ಬಂದಿಗೆ ಪೋಲಿಷ್ ಕಲಿಸಲು ಸುಮಾರು 1,100 ಗಂಟೆ ಇಟ್ಟುಕೊಂಡರೆ, ಜಪಾನೀಸ್‌ಗೆ 2,200. ಪೋಲಿಷ್‌ಗೆ 32 ಅಕ್ಷರ ಸಾಕು. ಜಪಾನೀಸ್ ಪತ್ರಿಕೆ ಓದಲು ಸುಮಾರು ಎರಡು ಸಾವಿರ ಕಾಂಜಿ (ಚೀನೀ ಮೂಲದ ಅಕ್ಷರಗಳು) ಬೇಕು.

ಆದರೆ ಆ ಗಂಟೆಗಳ ಲೆಕ್ಕ ಇಂಗ್ಲಿಷ್ ಮಾತಾಡುವವರದ್ದು. ನಮ್ಮ ಕಥೆಯೇ ಬೇರೆ. ‘ಟೋಕಿಯೊ ನಿ ಸುಂದೆ ಇಮಾಸು’ ಅಂದರೆ ‘ಟೋಕಿಯೊದಲ್ಲಿ ವಾಸವಾಗಿದ್ದೇನೆ’. ಊರು, ಆಮೇಲೆ ‘ಅಲ್ಲಿ’, ಕೊನೆಗೆ ಕ್ರಿಯಾಪದ. ಥೇಟ್ ಕನ್ನಡದ ಸಾಲೇ ಅಲ್ವಾ! ಪೋಲಿಷ್‌ನಲ್ಲಿ ‘ಮ್ಯೆಷ್ಕಾಮ್ ವ್ ವಾರ್ಷಾವ್ಯೆ’ ಅಂದರೆ ‘ವಾರ್ಷಾವಾದಲ್ಲಿ (ಪೋಲೆಂಡ್ ರಾಜಧಾನಿ ವಾರ್ಸಾದಲ್ಲಿ) ವಾಸವಾಗಿದ್ದೇನೆ’. ಕ್ರಿಯಾಪದ ಮೊದಲೇ ಬಂತು, ‘ಅಲ್ಲಿ’ ಊರಿನ ಮುಂದೆ ನಿಂತಿತು, ಜೊತೆಗೆ ‘ವಾರ್ಷಾವಾ’ದ ಬಾಲವೂ ಬದಲಾಯಿತು. ಹಾಗಾಗಿ ವಾಕ್ಯ ಕಟ್ಟುವಾಗ ಕನ್ನಡಿಗರಿಗೆ ಜಪಾನೀಸ್ ಹತ್ತಿರ, ಓದುವಾಗ ಪೋಲಿಷ್ ಸಲೀಸು.